ಹುಣಸೆ ಬೀಜದ ತಾಳ

ನವೆಂಬರ್ ಕಳೆದು ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಶಾಲೆಗಳ ಸ್ಟಾಫ್ ರೂಮಿನಲ್ಲಿ ಒಂದು ಜಗಳ ತಪ್ಪದೆ ಬರುತ್ತದೆ. ಅದು ಪರೀಕ್ಷೆಯ ಜಗಳವಲ್ಲ, ಬಿಸಿಯೂಟದ್ದೂ ಅಲ್ಲ. ಗ್ಯಾದರಿಂಗಿಗೆ ಹುಡುಗಿಯರಿಂದ ಕೋಲಾಟ ಆಡಿಸಬೇಕು, ಅದಂತೂ ಸರಿ. ಆದರೆ ಹಾಡು ಯಾವುದು? ಹಳೆಯ ಪದವೇ ಇರಲಿ ಎನ್ನುವವರು ಇಬ್ಬರು. ಸಿನಿಮಾ ಹಾಡಿಲ್ಲದಿದ್ದರೆ ಜನ ಎದ್ದು ಹೋಗುತ್ತಾರೆ ಎನ್ನುವವರು ಐದಾರು ಮಂದಿ. ಎರಡೂ ಬೇಡ, ದೇಶಭಕ್ತಿ ಗೀತೆ ಹಾಕಿ ಕೈತೊಳೆದುಕೊಳ್ಳೋಣ ಎನ್ನುವವರು ಮುಖ್ಯ ಗುರುಗಳು. ಲಿಂಗಸುಗೂರು ತಾಲೂಕಿನ ಹಳ್ಳಿಗಳಲ್ಲಿ ಹದಿನೇಳು ವರ್ಷ, ಆಮೇಲೆ ಸಿಂಧನೂರಿನಲ್ಲಿ ಇಷ್ಟು ವರ್ಷ, ಈ ಜಗಳವನ್ನು ನಾನು ಕೇಳುತ್ತಲೇ ಬಂದಿದ್ದೇನೆ. ನಾನು ಓದಿದ್ದು ಬಿ.ಎ., ಬಿ.ಎಡ್. ಕಲಿಸುವುದು ಸಮಾಜ ವಿಜ್ಞಾನ. ಆದರೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೋಲು ಹಿಡಿಯಲು ಹಿಂಜರಿಯದವಳು ಎಂಬ ಒಂದೇ ಕಾರಣಕ್ಕೆ ಎಲ್ಲ ಶಾಲೆಗಳಲ್ಲೂ ಕೋಲಾಟ ನನ್ನ ಪಾಲಿಗೇ ಬಂತು.

ಜಗಳದಲ್ಲಿ ನನ್ನ ಪಕ್ಷ ಯಾವುದು ಎಂದು ಕೇಳಿದರೆ ಥಟ್ಟನೆ ಹೇಳುವುದು ಕಷ್ಟ. ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಹಿತ್ತಾಳೆ ಎನ್ನುವ ಮಾತು ನನಗೆ ಹಿಡಿಸುವುದಿಲ್ಲ. ಹಾಗೆನ್ನುವವರು ಸಾಮಾನ್ಯವಾಗಿ ಕುರ್ಚಿಯಲ್ಲಿ ಕುಳಿತು ನೋಡುವವರು. ಬಿಸಿಲಲ್ಲಿ ನಿಂತು ಹದಿನಾರು ಹುಡುಗಿಯರ ಮೂವತ್ತೆರಡು ಕೋಲುಗಳನ್ನು ಒಂದೇ ಏಟಿಗೆ ಕೂಡಿಸುವವರ ಕಷ್ಟವೇ ಬೇರೆ.

ನನ್ನ ತವರು ಮಸ್ಕಿ. ಮಸ್ಕಿ ಎಂದರೆ ಹೊರಗಿನವರಿಗೆ ಅಶೋಕನ ಶಾಸನ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಆ ಬಂಡೆಯ ಬರಹವನ್ನು ಕಂಡುಹಿಡಿದ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಮೊದಲು ಸಿಕ್ಕಿದ್ದು ಅಲ್ಲಿಯೇ. ಪಾಠ ಮಾಡುವಾಗ ಇದನ್ನು ನಾನು ಸ್ವಲ್ಪ ಎದೆಯುಬ್ಬಿಸಿಯೇ ಹೇಳುತ್ತೇನೆ. ಆದರೆ ಚಿಕ್ಕವರಿದ್ದಾಗ ನಮಗೆ ಮಸ್ಕಿ ಎಂದರೆ ಗುಡ್ಡದ ಮಲ್ಲಯ್ಯ ಮತ್ತು ಗೌರಿ ಹುಣ್ಣಿಮೆ. ದೀಪಾವಳಿ ಮುಗಿದು ಬರುವ ಆ ಹುಣ್ಣಿಮೆಗೆ ಸಕ್ಕರೆ ಗೊಂಬೆಗಳ ಆರತಿ ಹಿಡಿದು, ಹೊಸ ಲಂಗ ಉಟ್ಟು ಗೌರಿಯ ಮುಂದೆ ಹೋಗುವುದು, ಆಮೇಲೆ ಓಣಿಯ ನಡುವೆ ಬೆಳದಿಂಗಳಲ್ಲಿ ಕೋಲು ಹಾಕುವುದು. ಆರತಿಯ ಸಕ್ಕರೆ ಆನೆಯ ಸೊಂಡಿಲನ್ನು ದಾರಿಯಲ್ಲೇ ಮುರಿದು ತಿಂದವರು ಯಾರು ಎಂಬುದು ಪ್ರತಿ ವರ್ಷದ ಪತ್ತೇದಾರಿ.

ಆಗ ಹಾಡು ಯಾವುದು ಎಂಬ ಪ್ರಶ್ನೆಯೇ ಇರಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬಳು ಮುದುಕಿ ಇದ್ದಳು. ಬೀಸುವ ಪದ, ಸೋಬಾನೆ ಪದ, ಕೋಲಿನ ಪದ ಎಲ್ಲವೂ ಅವಳ ಬಾಯಲ್ಲಿ. ಎಲ್ಲರೂ ಅವಳನ್ನು ಪದದಜ್ಜಿ ಎನ್ನುತ್ತಿದ್ದರು. ಅವಳು ಒಂದು ನುಡಿ ಎತ್ತಿಕೊಡುತ್ತಿದ್ದಳು, ನಾವು ಹಿಂದಿನಿಂದ ಹೇಳುತ್ತ ಕೋಲು ಹಾಕುತ್ತಿದ್ದೆವು. ನುಡಿ ಮುಗಿದ ಮೇಲೆ ಕೋಲೆ ಎಂಬ ಪಲ್ಲವಿ. ಆ ಪಲ್ಲವಿ ಎಷ್ಟು ಸಲ? ಒಮ್ಮೆ ಎರಡು ಸಲ, ಒಮ್ಮೆ ನಾಲ್ಕು ಸಲ, ಕೆಲವೊಮ್ಮೆ ಒಂದೂವರೆ. ಇದಕ್ಕೇನು ನಿಯಮ ಎಂದು ಆಗ ನಾವು ಕೇಳಿದವರಲ್ಲ. ಉಸಿರು ತಗೊಳ್ಳಲಿಕ್ಕೆ ಹಾಗೆ ಮಾಡುತ್ತಾಳೆ ಎಂದುಕೊಂಡಿದ್ದೆವು.

ನಾನು ನೌಕರಿಗೆ ಸೇರಿದ್ದು 1994ರಲ್ಲಿ. ಆಗಿನ್ನೂ ಮಸ್ಕಿ ಲಿಂಗಸುಗೂರು ತಾಲೂಕಿಗೇ ಸೇರಿತ್ತು. ಲಿಂಗಸುಗೂರು ಬ್ರಿಟಿಷರ ಕಾಲದಲ್ಲಿ ದಂಡು ಇದ್ದ ಊರು. ಹಿರಿಯರು ಅದನ್ನು ಛಾವಣಿ ಎಂದೇ ಕರೆಯುತ್ತಿದ್ದರು. ನಾನು ಅಲ್ಲಿಗೆ ಹೋದಾಗ ಕಾಲ ಕ್ಯಾಸೆಟ್ಟಿನದು. ಶಾಲೆಗೊಂದು ಟೇಪ್ ರೆಕಾರ್ಡರ್ ಬಂದಿತ್ತು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಗುಮಾಸ್ತರು ಜನಿವಾರದ ಹಾಗೆ ಹೊತ್ತು ತಿರುಗುತ್ತಿದ್ದರು. 1996ರಲ್ಲಿ ‘ಜನುಮದ ಜೋಡಿ’ ಬಂತು ನೋಡಿ, ಆ ವರ್ಷ ತಾಲೂಕಿನ ಯಾವ ಗ್ಯಾದರಿಂಗಿಗೆ ಹೋದರೂ ಅದರದೇ ಹಾಡು. ಮೂರು ವರ್ಷ ಬಿಟ್ಟು ‘ಹಮ್ ದಿಲ್ ದೇ ಚುಕೇ ಸನಮ್’ ಬಂದಾಗ ನಮ್ಮ ಜೋಳದ ಸೀಮೆಯ ಹುಡುಗಿಯರೆಲ್ಲ ರಾತ್ರೋರಾತ್ರಿ ಗುಜರಾತಿನವರಾಗಿಬಿಟ್ಟರು. ಕನ್ನಡಿ ಹಚ್ಚಿದ ಲಂಗ ಬೇಕೆಂದು ಅತ್ತವರೂ ಉಂಟು. ಕೋಲಾಟ ಹೋಗಿ ದಾಂಡಿಯಾ ಆಯಿತು ಎಂದು ಹಿರಿಯ ಮಾಸ್ತರರೊಬ್ಬರು ನಿಟ್ಟುಸಿರು ಬಿಟ್ಟರು. ನನಗೇನೂ ದುಃಖವಾಗಲಿಲ್ಲ. ಕೋಲು ಕೋಲೇ. ಗುಜರಾತಿನಲ್ಲೂ ಎರಡು, ಮಸ್ಕಿಯಲ್ಲೂ ಎರಡು.

ನನ್ನ ತಾಪತ್ರಯ ಬೇರೆಯೇ ಇತ್ತು. ಹಾಡು ಮತ್ತು ಕುಣಿತ ಒಂದೇ ಅಳತೆಗೆ ಬರುತ್ತಿರಲಿಲ್ಲ. ವೇಗದ ಮಾತಲ್ಲ ಇದು. ವೇಗ ಹೆಚ್ಚು ಕಡಿಮೆಯಾದರೆ ಹುಡುಗಿಯರು ನಾಲ್ಕು ದಿನಕ್ಕೆ ಹೊಂದಿಕೊಳ್ಳುತ್ತಾರೆ. ಉದ್ದದ ಮಾತು. ನಾನು ಕಲಿಸುವ ಕೋಲಾಟದಲ್ಲಿ ಎಂಟು ಏಟಿಗೆ ಒಂದು ಮಡಿಕೆ. ನಾಲ್ಕು ಮಡಿಕೆಗೆ ಒಳಸುತ್ತಿನವರು ಹೊರಗೆ, ಹೊರಸುತ್ತಿನವರು ಒಳಗೆ. ಹಾಡಿನ ನುಡಿ ಮುಗಿಯುವುದಕ್ಕೂ ಜೋಡಿ ಬದಲಾಗುವುದಕ್ಕೂ ಸರಿಹೋಗಬೇಕು. ಇಲ್ಲದಿದ್ದರೆ ಕಾಲು ಒಂದು ಮಾತು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ, ನಡುವೆ ಸಿಕ್ಕ ಹುಡುಗಿ ಕೋಲು ಎತ್ತಿ ಹಿಡಿದು ನನ್ನ ಮುಖ ನೋಡುತ್ತಾಳೆ. ಸಿನಿಮಾ ಹಾಡು ಮಾಡುವವರಿಗೆ ಇದರ ಗೊಡವೆ ಏಕೆ? ಅವರು ಶುರುವಿನಲ್ಲಿ ತಾಳವೇ ಇಲ್ಲದ ಆಲಾಪ ಇಡುತ್ತಾರೆ, ನಡುವೆ ಕೊಳಲು ಪಿಟೀಲು ಬೇಕಾದಷ್ಟು ಎಳೆಯುತ್ತಾರೆ. ಪರದೆಯ ಮೇಲೆ ಆ ಹೊತ್ತಿಗೆ ನಾಯಕಿ ಬೆಟ್ಟದಿಂದ ಇಳಿದು ಬರುತ್ತಿರುತ್ತಾಳೆ. ನಮ್ಮ ಹುಡುಗಿಯರು ಎಲ್ಲಿಂದ ಇಳಿಯಬೇಕು?

ಆಗ ನಾನು ಕಂಡುಕೊಂಡ ಉಪಾಯ ಹುಣಸೆ ಬೀಜ. ಚೌಕಾಬಾರ ಆಡಲು ಇಟ್ಟಿದ್ದ ಬೀಜಗಳು ಮನೆಯಲ್ಲಿ ಒಂದು ಡಬ್ಬಿ ತುಂಬ ಇದ್ದವು. ರಾತ್ರಿ ಊಟ ಮುಗಿಸಿ, ಮುಸುರೆ ತಿಕ್ಕಿ, ಟೇಪ್ ಹಚ್ಚಿಕೊಂಡು ಕೂಡುತ್ತಿದ್ದೆ. ಎಂಟು ಏಟಿಗೆ ಒಂದು ಬೀಜ. ಪಲ್ಲವಿಯ ಬೀಜ ಒಂದು ಸಾಲು, ನಡುವಿನ ವಾದ್ಯದ್ದು ಇನ್ನೊಂದು ಸಾಲು, ಚರಣದ್ದು ಮತ್ತೊಂದು. ಹಾಡು ಮುಗಿಯುವ ಹೊತ್ತಿಗೆ ಚಾಪೆಯ ಮೇಲೆ ಅದರ ನಕ್ಷೆಯೇ ಬಿದ್ದಿರುತ್ತಿತ್ತು. ನಮ್ಮ ಮನೆಯವರು ಒಂದು ದಿನ ನೋಡಿ, “ಏನದು, ಶಕುನ ನೋಡಾಕ ಹತ್ತೀಯೇನು?” ಎಂದರು. ಒಂದು ಹಾಡಿನಲ್ಲಿ ಪಲ್ಲವಿಗೆ ನಾಲ್ಕು, ವಾದ್ಯಕ್ಕೆ ಐದೂವರೆ, ಚರಣಕ್ಕೆ ಏಳು ಬಂತು. ಅರ್ಧ ಬೀಜಕ್ಕೆ ಏನು ಮಾಡುವುದು? ಅಷ್ಟು ಹೊತ್ತು ಹುಡುಗಿಯರು ನಿಂತಲ್ಲೇ ತಿರುಗಿ ಕೂತು ಏಳಲಿ ಎಂದೆ. ನೋಡಿದವರು ಆ ಕೂತೇಳುವುದನ್ನೇ ಬಹಳ ಮೆಚ್ಚಿದರು. ಅದೇನೋ ಹೊಸ ಶೈಲಿ ಎಂದು ಪಕ್ಕದೂರಿನ ಟೀಚರ್ ಒಬ್ಬರು ಕೇಳಿಕೊಂಡೂ ಹೋದರು. ಅರ್ಧ ಬೀಜದ ಗುಟ್ಟು ನಾನು ಬಿಡಲಿಲ್ಲ.

ಈ ತಾಪತ್ರಯ ನನ್ನೊಬ್ಬಳದೇ ಎಂದು ಬಹಳ ವರ್ಷ ತಿಳಿದಿದ್ದೆ. 2022ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ನನ್ನ ತಂಗಿಯ ಮಗಳು ಒಂದು ವಿಡಿಯೋ ಕಳಿಸಿದಳು. “ದೊಡ್ಡವ್ವ, ನೋಡು, ಇವರೂ ಕೋಲಾಟ ಆಡ್ತಾರ, ಕೋಲೊಂದು ಇಲ್ಲ” ಎಂದು ಕೆಳಗೆ ಬರೆದಿದ್ದಳು. ಮರದ ನೆಲದ ದೊಡ್ಡ ಮನೆ. ಎದುರು ಬದುರು ಎರಡು ಉದ್ದ ಸಾಲು. ಹುಡುಗರು, ಹೆಂಗಸರು, ನನ್ನ ವಯಸ್ಸಿನವರು, ನನಗಿಂತ ಹಿರಿಯರು ಎಲ್ಲರೂ. ಕೈ ಹಿಡಿಯುವುದು, ದಾಟುವುದು, ಒಬ್ಬರನ್ನೊಬ್ಬರು ಹಿಡಿದು ಗರಗರ ತಿರುಗುವುದು, ಅಷ್ಟರಲ್ಲಿ ಒಂದೊಂದು ಜೋಡಿಯೂ ಸಾಲಿನಲ್ಲಿ ಒಂದು ಮನೆ ಮುಂದೆ ಸರಿದು ಹೊಸ ಜೋಡಿಯ ಎದುರು ನಿಂತಿರುತ್ತದೆ. ಅದಕ್ಕೆ ಕಾಂಟ್ರಾ ನೃತ್ಯ ಎನ್ನುತ್ತಾರಂತೆ. ಇಂಗ್ಲೆಂಡಿನ ಹಳ್ಳಿಗಾಡಿನ ಕುಣಿತಗಳು ಇದರ ಮೂಲ. ಜಾನ್ ಪ್ಲೇಫೋರ್ಡ್ ಎಂಬಾತ 1651ರಷ್ಟು ಹಿಂದೆಯೇ ಅಂಥ ಕುಣಿತಗಳನ್ನು ಪುಸ್ತಕ ಮಾಡಿ ಅಚ್ಚು ಹಾಕಿಸಿದ್ದ. ಸಮುದ್ರ ದಾಟಿ ಹೋಗಿ ಅದು ಅಮೆರಿಕದ ಈಶಾನ್ಯದ ಊರುಗಳಲ್ಲಿ ಬೇರು ಬಿಟ್ಟಿತು. ಈಗಲೂ ಗ್ರೀನ್‌ಫೀಲ್ಡ್ ಎಂಬ ಸಣ್ಣ ಊರು ಇದಕ್ಕೆ ಹೆಸರುವಾಸಿ. ಒಬ್ಬರು ವೇದಿಕೆಯ ಮೇಲೆ ನಿಂತು ಮುಂದಿನ ಹೆಜ್ಜೆ ಏನೆಂದು ಕೂಗಿ ಹೇಳುತ್ತಾರೆ. ಪಿಟೀಲು ಬಾರಿಸುವವರು ಪಕ್ಕದಲ್ಲಿ.

ನಾನು ಎರಡು ಸಲ ನೋಡಿದೆ, ಮೂರನೆಯ ಸಲಕ್ಕೆ ಹುಣಸೆ ಬೀಜದ ಡಬ್ಬಿ ತೆಗೆದೆ. ನೀವು ನಕ್ಕರೂ ಸರಿಯೆ. ಎಣಿಸಿದರೆ ಒಂದು ಸುತ್ತಿಗೆ ಸರಿಯಾಗಿ ಎಂಟು ಬೀಜ, ಅಂದರೆ ಅರವತ್ನಾಲ್ಕು ಹೆಜ್ಜೆ. ಹಾಡಿನ ಮೊದಲ ಭಾಗ ಎರಡು ಸಲ, ಎರಡನೆಯ ಭಾಗ ಎರಡು ಸಲ, ಒಂದೊಂದಕ್ಕೂ ಎರಡೆರಡು ಬೀಜ. ಹಾಡು ಮೊದಲಿಗೆ ಮರಳಿತೆಂದರೆ ಜೋಡಿ ಬದಲು. ಕಾಲು ಕಿವಿ ಎರಡೂ ಒಂದೇ ಮಾತು ಹೇಳುತ್ತವೆ. ಎಷ್ಟು ಅಚ್ಚುಕಟ್ಟು ಎಂದು ಹೊಟ್ಟೆಕಿಚ್ಚೇ ಆಯಿತು.

ತಂಗಿಯ ಮಗಳಿಗೆ ಫೋನ್ ಮಾಡಿ ಹೇಳಿದಾಗ ಅವಳು ನಕ್ಕು, “ಕೇಳು ದೊಡ್ಡವ್ವ, ಅವರ ಸ್ಟಾಫ್ ರೂಮಿನ್ಯಾಗೂ ನಿಮ್ಮದ ಜಗಳ ಐತಿ” ಎಂದಳು. ಅಲ್ಲಿ ಕೆಲವರಿಗೆ ಹಳೆಯ ಪಿಟೀಲಿನ ಮಟ್ಟುಗಳು ಸಾಕಾಗಿ, ಅದೇ ಕುಣಿತಕ್ಕೆ ಜಾಜ್, ಸ್ವಿಂಗ್ ಸಂಗೀತ ಹಾಕಿ ಕುಣಿಯುವ ಆಸೆ. ಸ್ವಿಂಗ್ ಎಂದರೆ 1930ರ ದಶಕದಲ್ಲಿ ಅಮೆರಿಕವನ್ನೆಲ್ಲ ಕುಣಿಸಿದ ಜಾಜ್. ಕಹಳೆ, ಸ್ಯಾಕ್ಸೊಫೋನ್, ಡ್ರಮ್ ಎಲ್ಲ ಸೇರಿದ ದೊಡ್ಡ ಮೇಳ. ತಮಾಷೆಯೆಂದರೆ ಕಾಂಟ್ರಾದಲ್ಲಿ ಜೋಡಿ ಹಿಡಿದು ಗರಗರ ತಿರುಗುವ ಹೆಜ್ಜೆಗೂ ಸ್ವಿಂಗ್ ಎಂದೇ ಹೆಸರು. ಹೆಸರು ಒಂದಾದ ಮಾತ್ರಕ್ಕೆ ಅಳತೆ ಒಂದಾಗುತ್ತದೆಯೇ? ಅವಳು ಹೇಳಿದ ಲೆಕ್ಕವನ್ನು ನಾನು ಬೀಜದಲ್ಲಿ ಇಟ್ಟು ನೋಡಿದೆ. ಆ ಕಾಲದ ಹಾಡುಗಳ ಸಾಮಾನ್ಯ ಕಟ್ಟು ಹೀಗಂತೆ: ಒಂದೇ ಮಟ್ಟು ಎರಡು ಸಲ, ನಡುವೆ ಬೇರೆ ಮಟ್ಟು ಒಂದು ಸಲ, ಮತ್ತೆ ಮೊದಲಿನದು ಒಂದು ಸಲ. ಒಂದೊಂದಕ್ಕೂ ನಾಲ್ಕು ಬೀಜ, ಒಟ್ಟು ಹದಿನಾರು. ಹದಿನಾರೆಂದರೆ ಎರಡೆಂಟು, ಸರಿಯೇ ಆಯಿತಲ್ಲ ಎನ್ನಬೇಡಿ. ಮೊದಲ ಸುತ್ತಿನ ಕುಣಿತಕ್ಕೆ ಒಂದೇ ಮಟ್ಟು ಎರಡು ಸಲ ಬರುತ್ತದೆ. ಎರಡನೆಯ ಸುತ್ತಿಗೆ ಬೇರೆ ಮಟ್ಟಿನಿಂದ ಶುರುವಾಗಿ ಮೊದಲಿನದರಲ್ಲಿ ಮುಗಿಯುತ್ತದೆ. ಹಾಡು ಮನೆಗೆ ಬಂತು ಎಂದು ಕಿವಿ ಹೇಳುವ ಹೊತ್ತಿಗೆ ಕಾಲು ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಹಾಡಿನಿಂದ ಗುರುತು ಹಿಡಿಯುತ್ತಿದ್ದವರು ತಬ್ಬಿಬ್ಬಾಗುತ್ತಾರೆ.

ಬ್ಲೂಸ್ ಎಂಬ ಇನ್ನೊಂದು ಜಾತಿಯ ಹಾಡಿಗೆ ಒಂದು ಸುತ್ತಿಗೆ ಆರೇ ಬೀಜ. ಎಂಟಕ್ಕೂ ಆರಕ್ಕೂ ಎಂದು ಕೂಡಬೇಕು? ಇಪ್ಪತ್ನಾಲ್ಕಕ್ಕೆ. ಅಷ್ಟರಲ್ಲಿ ಕುಣಿತ ಮೂರು ಸುತ್ತು, ಹಾಡು ನಾಲ್ಕು ಸುತ್ತು. ನಮ್ಮ ಏಳನೆಯ ತರಗತಿಯ ಲ.ಸಾ.ಅ. ಲೆಕ್ಕ! ಎಲ್ಲಕ್ಕಿಂತ ನನಗೆ ಖುಷಿಯಾದದ್ದು ಜಾರ್ಜ್ ಗರ್ಶ್ವಿನ್ ಎಂಬಾತನ ಹಾಡಿನ ಸಂಗತಿ. 1930ರಲ್ಲಿ ಅವನು ‘ಐ ಗಾಟ್ ರಿದಮ್’ ಎಂಬ ಹಾಡಿಗೆ ಎಲ್ಲ ಹಾಡುಗಳಂತೆ ಮೂವತ್ತೆರಡು ಆವರ್ತ ಹಾಕದೆ ಕೊನೆಯಲ್ಲಿ ಎರಡು ಆವರ್ತ ಹೆಚ್ಚು ಸೇರಿಸಿದ. ನನ್ನ ಲೆಕ್ಕದಲ್ಲಿ ಹದಿನೇಳು ಬೀಜ. ಆಮೇಲಿನ ಜಾಜ್ ವಾದಕರು ಆ ಒಂದು ಬೀಜವನ್ನು ಸಾಮಾನ್ಯವಾಗಿ ಬಿಟ್ಟೇ ಬಾರಿಸುತ್ತಾರಂತೆ. ಅಷ್ಟು ದೊಡ್ಡವರಿಗೂ ಹೆಚ್ಚಿನ ಬೀಜ ಕಾಡಿತಲ್ಲ ಎಂದು ನನಗೆ ಒಂದು ಬಗೆಯ ಸಮಾಧಾನ.

ಅಲ್ಲಿನವರು ಈಗ ಏನು ಮಾಡುತ್ತಾರೆ ಎಂದು ಕೇಳಿದೆ. ಕೂಗಿ ಹೇಳುವವರು ಕೊನೆಯವರೆಗೂ ಬಾಯಿ ಮುಚ್ಚುವುದಿಲ್ಲ, ಹಾಡಿನ ಬದಲು ಅವರ ಮಾತಿಗೇ ಕಿವಿ ಕೊಡಬೇಕು ಎಂದಳು. ಮೇಳದವರು ಎದುರಿಗೇ ಇದ್ದರೆ ಹಾಡನ್ನೇ ಕತ್ತರಿಸಿ ಜೋಡಿಸಿ ಅಳತೆಗೆ ತಂದುಕೊಡುವುದೂ ಉಂಟಂತೆ. ಎದುರಿಗೇ ಇದ್ದರೆ, ಎಂಬ ಮಾತು ನನ್ನ ಮನಸ್ಸಿನಲ್ಲಿ ಕೂತಿತು.

ಹಾಡು ಬದಲಾಯಿಸಿ ಕುಣಿತ ಉಳಿಸಿಕೊಳ್ಳುವುದು ನಮ್ಮಲ್ಲೇನು ಹೊಸದೇ? ಹಳೆಯ ನಾಟಕದ ಹಾಡಿನ ಪುಸ್ತಕ, ಭಜನೆಯ ಪುಸ್ತಕ ತೆಗೆದು ನೋಡಿ. ಪದದ ಮೇಲೆ ‘ಧಾಟಿ’ ಎಂದು ಬರೆದು ಯಾವುದೋ ಸಿನಿಮಾ ಹಾಡಿನ ಹೆಸರು ಹಾಕಿರುತ್ತಾರೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ನೋಡಿದವರಿಗೆ ಇದು ಗೊತ್ತು. ಅಲ್ಲಿ ಜಾತಿ ಮತ ಎನ್ನದೆ ಜನ ಸೇರುತ್ತಾರೆ. ಹೆಜ್ಜೆ ಮೇಳದವರು ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಹಿಡಿದು ಕರ್ಬಲಾದ ಕಥೆಯ ರಿವಾಯತ್ ಪದ ಹಾಡುತ್ತ ಹೆಜ್ಜೆ ಹಾಕುತ್ತಾರೆ. ಅದರಲ್ಲೂ ಸಿನಿಮಾ ಧಾಟಿ ನುಸುಳಿ ಬಹಳ ವರ್ಷವಾಯಿತು. ಆದರೆ ಅವರು ಮಟ್ಟು ತಂದರೇ ಹೊರತು ಹಾಡನ್ನು ಹಾಗೇ ತರಲಿಲ್ಲ. ಹಾಡುವವನು ಮೇಳದ ನಡುವೆಯೇ ಇರುತ್ತಾನೆ. ಹೆಜ್ಜೆಗೆ ಬೇಕಾದಷ್ಟು ಎಳೆಯುತ್ತಾನೆ, ಬೇಡವಾದದ್ದನ್ನು ನುಂಗುತ್ತಾನೆ. ಅದಕ್ಕೇ ಅದು ಕೆಡಲಿಲ್ಲ. ಈಗ ಟ್ರ್ಯಾಕ್ಟರಿನ ಮೇಲೆ ಡಿಜೆ ಹೇರಿಕೊಂಡು ಬರುತ್ತಾರಲ್ಲ, ಅದರ ಮುಂದೆ ಹೆಜ್ಜೆಯೇ ಇಲ್ಲ. ಬರೀ ಹಾರಾಟ. ಇದು ನನ್ನ ಅಭಿಪ್ರಾಯ, ಹುಡುಗರು ಒಪ್ಪುವುದಿಲ್ಲ.

ಈಗ 2003ರ ಮಾತು. ಆಗ ನಾನಿದ್ದ ಶಾಲೆಯಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗಿಗೆ ಎಡಗಾಲು ಸಣ್ಣದು. ಎರಡು ವರ್ಷದ ಕೂಸಿದ್ದಾಗ ಪೋಲಿಯೋ ಬಡಿದಿತ್ತು. ಪಲ್ಸ್ ಪೋಲಿಯೋ ಹನಿ ನಮ್ಮ ದೇಶದಲ್ಲಿ ಶುರುವಾದದ್ದು 1995ರಲ್ಲಿ. ಅಷ್ಟರಲ್ಲಿ ಅವಳಿಗೆ ಆಗುವುದೆಲ್ಲ ಆಗಿಹೋಗಿತ್ತು. ಕೋಲಾಟಕ್ಕೆ ಹೆಸರು ಕೊಡುವ ದಿನ ಎಲ್ಲರಿಗಿಂತ ಮೊದಲು ಬಂದು ನಿಂತಳು. “ನಾನೂ ಬರತೀನ್ರಿ ಅಕ್ಕೋರೆ.” ಅವಳ ಕೈ ನೋಡಿದೆ. ಕೋಲು ಹಾಕುವ ಕೈ ಅಷ್ಟು ಚುರುಕಾದದ್ದು ಆ ಶಾಲೆಯಲ್ಲಿ ಇನ್ನೊಂದಿರಲಿಲ್ಲ. ಸೇರಿಸಿಕೊಂಡೆ.

ಆ ವರ್ಷ ಕೋಲಾಟ ಕಲಿಸಲು ಪದದಜ್ಜಿಯನ್ನೇ ಮಸ್ಕಿಯಿಂದ ಬಸ್ಸಿನಲ್ಲಿ ಕರೆತಂದಿದ್ದೆ. ನಮ್ಮ ಮನೆಯಲ್ಲೇ ಉಳಿದಳು. ಕಟ್ಟೆಯ ಮೇಲೆ ಕೂತು ಅವಳು ಪದ ಎತ್ತಿದರೆ ಮಕ್ಕಳು ಸುತ್ತು ಹೊಡೆಯುತ್ತಿದ್ದರು. ಮೂರನೆಯ ದಿನ ನಾನು ಒಂದು ಸಂಗತಿ ಗಮನಿಸಿದೆ. ಅಜ್ಜಿ ಹುಡುಗಿಯರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಒಳಗಿನವರು ಹೊರಗೆ ದಾಟುವಾಗ ಆ ಹುಡುಗಿ ಎರಡು ಹೆಜ್ಜೆ ಹಿಂದೆ ಬೀಳುತ್ತಿದ್ದಳು. ಆಗ ಅಜ್ಜಿ ಪಲ್ಲವಿಗೆ ಇನ್ನೊಂದು ಕೋಲೆ ಸೇರಿಸುತ್ತಿದ್ದಳು. ಹುಡುಗಿ ತನ್ನ ಜಾಗಕ್ಕೆ ಬಂದು ಮುಟ್ಟಿದ ಕ್ಷಣಕ್ಕೆ ಮುಂದಿನ ನುಡಿ. ನೋಡುವವರಿಗೆ ತಿಳಿಯುತ್ತಿರಲಿಲ್ಲ, ಜೊತೆಯವರಿಗೆ ತಿಳಿಯುತ್ತಿರಲಿಲ್ಲ, ಆ ಹುಡುಗಿಗಂತೂ ತಾನು ಎಲ್ಲರ ಸಮ ಕುಣಿಯುತ್ತಿದ್ದೇನೆಂದೇ ಗೊತ್ತು. ನಾವು ಚಿಕ್ಕವರಿದ್ದಾಗ ಆ ಪಲ್ಲವಿ ಎರಡು ಸಲ, ನಾಲ್ಕು ಸಲ, ಒಂದೂವರೆ ಸಲ ಬರುತ್ತಿದ್ದದ್ದು ಯಾಕೆಂದು ನನಗೆ ಇಪ್ಪತ್ತೈದು ವರ್ಷದ ಮೇಲೆ ಅರ್ಥವಾಯಿತು. ಆಗ ನಮ್ಮಲ್ಲಿ ಯಾರು ಹಿಂದೆ ಬೀಳುತ್ತಿದ್ದೆವೋ!

ಅಷ್ಟರಲ್ಲಿ ಮೇಲಿನವರೊಬ್ಬರು ರಿಹರ್ಸಲ್ ನೋಡಲು ಬಂದರು. ಮುದುಕಿಯ ಬಾಯಿಹಾಡು ಮೈಕಿನಲ್ಲಿ ಎಷ್ಟು ದೂರ ಕೇಳೀತು, ಬೇರೆ ಶಾಲೆಯವರೆಲ್ಲ ಕ್ಯಾಸೆಟ್ ಹಾಕುತ್ತಾರೆ, ಸ್ಪರ್ಧೆಯಲ್ಲಿ ನಮ್ಮ ಮರ್ಯಾದೆಯ ಪ್ರಶ್ನೆ ಎಂದರು. ಕ್ಯಾಸೆಟ್ಟನ್ನೂ ತಂದೇ ಇದ್ದರು. ಹಾಕಿದೆವು. ಮೊದಲ ದಾಟಿಗೇ ಹುಡುಗಿಯ ಕೋಲು ಬಯಲಿಗೆ ಬಡಿಯಿತು. ಎರಡನೆಯದಕ್ಕೆ ಎದುರಿನವಳ ಕೋಲು ಇವಳ ಬೆರಳ ಗೆಣ್ಣಿಗೆ ಬಿತ್ತು. ಅಳಲಿಲ್ಲ, ಬಾಯಲ್ಲಿ ಬೆರಳಿಟ್ಟುಕೊಂಡು ನಿಂತಳು. “ಆ ಒಂದು ಹುಡುಗೀನ ಬದಲಿ ಮಾಡ್ರಿ, ಅಷ್ಟ” ಎಂದು ಹೇಳಿ ಅವರು ಜೀಪು ಹತ್ತಿದರು.

ನನ್ನ ಸಹೋದ್ಯೋಗಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಹೇಳಿದರು. ಜಡೆ ಕೋಲಾಟ ಮಾಡಿಸಿ, ಮೇಲಿನಿಂದ ಬಣ್ಣದ ಪಟ್ಟಿ ಇಳಿಬಿಟ್ಟ ಕೋಲನ್ನು ನಡುವೆ ಹಿಡಿದುಕೊಂಡು ನಿಲ್ಲುವ ಕೆಲಸ ಅವಳಿಗೆ ಕೊಡಿ, ಎಲ್ಲರ ನಡುವೆ ಇದ್ದಂತೆಯೂ ಆಗುತ್ತದೆ ಎಂದು. ಹುಡುಗಿಯನ್ನು ಕೇಳಿದೆ. “ನಾ ಕಂಬ ಆಗಂಗಿಲ್ಲರಿ ಅಕ್ಕೋರೆ” ಎಂದಳು. ಅಷ್ಟೇ.

ಆ ರಾತ್ರಿ ಬೀಜ ಹರವಿಕೊಂಡು ಕೂತೆ. ಪದದಜ್ಜಿ ಪಕ್ಕದಲ್ಲಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳು. ಕ್ಯಾಸೆಟ್ಟಿನ ಹಾಡನ್ನು ಹತ್ತು ಸಲವಾದರೂ ತಿರುಗಿಸಿದೆ. ಪಲ್ಲವಿಗೆ ನಾಲ್ಕು ಬೀಜ, ಬಿಗಿ. ಚರಣಕ್ಕೆ ಆರು, ಅದೂ ಬಿಗಿ. ಪಲ್ಲವಿ ಚರಣಗಳ ನಡುವಿನ ವಾದ್ಯಕ್ಕೆ ಆರು, ಆದರೆ ಅಲ್ಲಿ ನಮ್ಮ ಕುಣಿತಕ್ಕೆ ಬೇಕಾಗಿದ್ದು ನಾಲ್ಕೇ. ಉಳಿದ ಎರಡು ಬೀಜಗಳಲ್ಲಿ ಮಕ್ಕಳು ಸುಮ್ಮನೆ ನಿಂತಲ್ಲೇ ಕೋಲು ಕುಟ್ಟುತ್ತಿದ್ದರು. ಆ ದಾಟಿಯನ್ನು ನಾನು ಇಟ್ಟಿದ್ದು ಪಲ್ಲವಿಯ ಕೊನೆಗೆ, ಹಾಡಿನ ಎಲ್ಲಕ್ಕಿಂತ ಬಿಗಿಯಾದ ಜಾಗಕ್ಕೆ. ಹಳೆಯ ಪದದಲ್ಲಿ ಅದು ಅಲ್ಲಿಯೇ ಬರುತ್ತಿತ್ತು, ಯಾಕೆಂದರೆ ಅಲ್ಲಿ ಹಿಗ್ಗಿಸಲು ಅಜ್ಜಿ ಇದ್ದಳು. ದಾಟಿಯನ್ನು ಎತ್ತಿ ವಾದ್ಯದ ಹೊತ್ತಿಗೆ ಇಟ್ಟರೆ? ನಾಲ್ಕು ಬೀಜದಲ್ಲಿ ಮಾಡುವ ಕೆಲಸಕ್ಕೆ ಆರು ಬೀಜ ಸಿಗುತ್ತವೆ. ಹದಿನಾರು ಏಟು ಹೆಚ್ಚಿಗೆ. ಎಲ್ಲರೂ ದಾಟುವಾಗ ಬಾಗಿ ತಿರುಗಿ ಹೋಗಲಿ, ಅವಳು ನೇರ ಹೋಗಲಿ. ನುಡಿ ಎತ್ತುವ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ.

ಮರುದಿನ ಹಾಗೇ ಮಾಡಿಸಿದೆ. ಮೊದಲ ಎರಡು ಸಲ ಎಡವಟ್ಟಾಯಿತು. ಮೂರನೆಯ ಸಲ ಹುಡುಗಿ ಒಂದು ಬೀಜ ಮೊದಲೇ ಬಂದು ಮುಟ್ಟಿ, ಕೋಲು ಎತ್ತಿ ಹಿಡಿದು ಉಳಿದವರಿಗೆ ಕಾಯುತ್ತ ನಿಂತಳು. ಕಾಯುವ ಸುಖ ಅವಳಿಗೆ ಅದೇ ಮೊದಲೋ ಏನೋ, ಅವಳ ಮುಖ ನಾನು ಬರೆದು ಹೇಳಲಾರೆ. ಅಜ್ಜಿ ಕಟ್ಟೆಯ ಮೇಲಿಂದ, “ಪೆಟ್ಟಿಗಿ ಯಾರಿಗೂ ಕಾಯಂಗಿಲ್ಲ ಅಂದಿದ್ನೆವ್ವ, ಅದಕ್ಕೂ ಕಾಯಾಕ ಕಲಿಸಿದಿ” ಎಂದಳು. ಹೊಗಳಿದಳೋ ಚುಚ್ಚಿದಳೋ ಇಂದಿಗೂ ನನಗೆ ಸಂಶಯ. ಎಂಟು ದಿನಕ್ಕೆಂದು ಬಂದವಳು ಆರನೆಯ ದಿನಕ್ಕೇ ಊರಿಗೆ ಹೊರಟಳು. ತನ್ನ ಹಾಡಿಗೆ ಅಲ್ಲಿ ಕೆಲಸ ಮುಗಿಯಿತೆಂದು ಅವಳಿಗೆ ಅನಿಸಿದ್ದರೆ ಅದು ಸುಳ್ಳೂ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸೀರೆ, ಕುಬಸದ ಕಣ ಕೊಟ್ಟೆ. ತಗೊಂಡು ಸೆರಗಿನಲ್ಲಿ ಕಟ್ಟಿಕೊಂಡಳು, ಮಾತಾಡಲಿಲ್ಲ.

ಸ್ಪರ್ಧೆಯಲ್ಲಿ ನಮಗೆ ಬಂದದ್ದು ಸಮಾಧಾನಕರ ಬಹುಮಾನ, ಒಂದು ಸ್ಟೀಲಿನ ಡಬ್ಬಿ. ಮೊದಲನೆಯ ಬಹುಮಾನ ದಾಂಡಿಯಾದವರಿಗೆ ಹೋಯಿತು. ಅವರ ಲಂಗದ ಕನ್ನಡಿಗಳು ನಿಜಕ್ಕೂ ಚೆನ್ನಾಗಿದ್ದವು.

ಪದದಜ್ಜಿಯ ಹಾಡನ್ನು ಟೇಪಿಗೆ ಹಾಕಿಕೊಳ್ಳಬೇಕೆಂದು ನಾನು ಆಮೇಲೆ ಎರಡು ಸಲ ಮಸ್ಕಿಗೆ ಹೋದೆ. ಒಪ್ಪಲಿಲ್ಲ. “ಕುಣಿಯೋರು ಎದುರಿಗಿಲ್ಲದ ಹೆಂಗ ಹಾಡಲಿ, ಎಲ್ಲಿ ನಿಲ್ಲಿಸಲಿ, ಎಲ್ಲಿ ಎಳೀಲಿ?” ಎಂದಳು. 2009ರಲ್ಲಿ ಹೋಗಿಬಿಟ್ಟಳು. ಅವಳ ಪದಗಳಲ್ಲಿ ಹತ್ತು ಹನ್ನೆರಡು ನನಗೆ ಬಾಯಿಗೆ ಬರುತ್ತವೆ. ಪಲ್ಲವಿ ಎಷ್ಟು ಸಲ ಎಂದು ಮಾತ್ರ ಕೇಳಬೇಡಿ.

ಈಗ ಸಿಂಧನೂರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ತಾಲೂಕು ಭತ್ತದ ನಾಡಾಯಿತು. ಆಂಧ್ರದಿಂದ ಬಂದವರ ಕ್ಯಾಂಪುಗಳಾದವು, 1970ರ ದಶಕದಲ್ಲಿ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳಾದವು. ನನ್ನ ಕೋಲಾಟದ ಸುತ್ತಿನಲ್ಲಿ ಮನೆಯಲ್ಲಿ ಕನ್ನಡ ಆಡುವವರು ಅರ್ಧ. ಉಳಿದವರಲ್ಲಿ ತೆಲುಗಿನವರು, ಬಂಗಾಳಿಯವರು, ಉರ್ದುವಿನವರು ಎಲ್ಲರೂ ಇದ್ದಾರೆ. ತೆಲುಗು ಕ್ಯಾಂಪಿನವರ ಕೋಲಾಟಂನಲ್ಲಿ ಕಲಿಸುವ ಗುರು ಬಾಯಲ್ಲಿ ಸೀಟಿ ಇಟ್ಟುಕೊಂಡಿರುತ್ತಾನೆ. ಒಂದು ಸೀಟಿ ಊದಿದರೆ ಮಡಿಕೆ ಬದಲು. ಅಮೆರಿಕದವರ ಕೂಗುವವರಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ. ಅವರ ಒಬ್ಬ ಹುಡುಗಿ ಅಪ್ಪನ ಸೀಟಿ ಕದ್ದು ತಂದು ನನಗೆ ಕೊಟ್ಟಳು. ಪಿ.ಟಿ. ಮಾಸ್ತರರದೇ ಸಾಕಾಗಿದೆಯಮ್ಮ ಎಂದು ಹಿಂದಕ್ಕೆ ಕೊಟ್ಟೆ. ಬಂಗಾಳಿ ಹುಡುಗಿಯರಿಗೆ ದುರ್ಗಾಪೂಜೆಯ ಢಾಕಿನ ಏಟು ರಕ್ತದಲ್ಲೇ ಇದೆ. ಹಾಡು ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ಕಳೆದ ಡಿಸೆಂಬರಿನಲ್ಲಿ ಮತ್ತದೇ ಜಗಳವಾಗಿ, ಹುಡುಗಿಯರು ಆರಿಸಿದ ಒಂದು ಸಿನಿಮಾ ಹಾಡೇ ಗೆದ್ದಿತು. ಬೀಜ ಎಣಿಸಿದೆ. ಎರಡನೆಯ ಚರಣದ ಮುಂಚಿನ ವಾದ್ಯ ಮೂರು ಬೀಜ ಕಡಿಮೆ. ದಾಟಿಗೆ ಜಾಗವಿಲ್ಲ. ಬೇರೆ ಹಾಡು ನೋಡೋಣ ಎಂದರೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಬ್ಯಾಡ ಮಿಸ್, ನಾನು ಕಟ್ ಮಾಡಿ ಅಂಟಸ್ತೀನಿ” ಎಂದು ಅವರಕ್ಕನ ಫೋನಿನಲ್ಲಿ ಅದೇ ವಾದ್ಯದ ತುಣುಕನ್ನು ಎರಡು ಸಲ ಜೋಡಿಸಿಕೊಂಡು ಬಂದಳು. ಎಣಿಸಿದೆ. ಸರಿಹೋಯಿತು. ಆದರೆ ಅಂಟಿಸಿದ ಜಾಗದಲ್ಲಿ ತಬಲಾ ಒಂದು ಸಲ ಮುಗ್ಗರಿಸಿದ ಹಾಗೆ ಕೇಳುತ್ತಿತ್ತು. ಸರಿಮಾಡಲು ಹುಡುಗಿ ಎರಡು ರಾತ್ರಿ ಒದ್ದಾಡಿದಳು, ಆಗಲಿಲ್ಲ. ಉಳಿದವರು 'ಇರಲಿ ಬಿಡು' ಎಂದು ಅದಕ್ಕೆ ಗುಂಡಿ ಎಂದು ಹೆಸರಿಟ್ಟರು, ನಮ್ಮೂರ ರಸ್ತೆಯ ಗುಂಡಿಯ ಹಾಗೆ. ಗ್ಯಾದರಿಂಗಿನ ದಿನ ಆ ಜಾಗ ಬಂದಾಗ ಹದಿನಾರು ಹುಡುಗಿಯರೂ ಒಟ್ಟಿಗೆ ಒಂದು ಸಣ್ಣ ಜಿಗಿತ ಜಿಗಿದು ದಾಟಿದರು. ನಾನು ಕಲಿಸಿದ್ದಲ್ಲ ಅದು. ಮುಂದಿನ ಸಾಲಿನ ತಾಯಂದಿರು ಚಪ್ಪಾಳೆ ಹೊಡೆದದ್ದು ಅಲ್ಲಿಯೇ.